ಒದ್ದೆ ಸೀರೆಯ ಮೇಲೊಂದು ಕಂಬಳಿ

ಮೊನ್ನೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿಯೊಂದು ಹೆಂಗಸೊಬ್ಬಳ ಪ್ರಾಣ ತೆಗೆಯುವುದರಲ್ಲಿತ್ತು. ಉತ್ಪ್ರೇಕ್ಷೆ ಅಂದುಕೊಂಡಿರಾ? ಕೇಳಿ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದೆ. ದಾರಿಯಲ್ಲೊಂದು ಚೆಂಡುಹೂವಿನ ಹೊಲ. (ಓಣಂಗೆ ಕೇರಳದ ಅಂಗಳ ತುಂಬುವುದು ನಮ್ಮವರ ಹೂವೇ.) ಅಲ್ಲಿಂದ ಮುದುಕಿಯೊಬ್ಬಳು ಓಡಿ ಬಂದು ಕಾರಿಗೆ ಅಡ್ಡ ನಿಂತಳು. ಸೊಸೆ ಮಾದೇವಿ ಕುಸಿದು ಬಿದ್ದಿದ್ದಳು.

ಬೆಳಿಗ್ಗೆ ಗಂಡನ ಬೆನ್ನಿಗೆ ಹುಳುವಿನ ಔಷಧಿ ಸಿಂಪಡಿಸುವ ಕ್ಯಾನ್ ಎತ್ತಿಕೊಡುವಾಗ ಮುಚ್ಚಳ ಕಳಚಿ ಇವಳ ಮೇಲೇ ಸುರಿದಿತ್ತಂತೆ. ಸುತ್ತ ಗಂಡಾಳುಗಳು. ಸೀರೆ ಬದಲಿಸುವುದು ಹೇಗೆ? ಒದ್ದೆಯಲ್ಲೇ ಮಧ್ಯಾಹ್ನದವರೆಗೆ ದುಡಿದಿದ್ದಾಳೆ. ಗಂಡ ಇನ್ನೊಂದು ಬಾಟಲಿ ತರಲು ಪೇಟೆಗೆ ಹೋಗಿದ್ದ.

ಬಾಯಲ್ಲಿ ನೊರೆ. ಮೈಯೆಲ್ಲ ಬೆವರು. ಕರೆದರೆ ಓಗೊಡುತ್ತಿಲ್ಲ. "ಮೊದಲು ಆ ಸೀರೆ ತೆಗೆಯಿರಿ" ಅಂದೆ. ಮುದುಕಿ ಕೆರಳಿದಳು.

"ಏನ್ ಮಾತಾಡೀರಿ ಸಾಮಿ? ದಾರೀಲಿ ಸೀರೆ ಬುಚ್ಚದಾ?"

ಎಲ್ಲರೂ ಸೇರಿ ಮಾದೇವಿಯನ್ನು ಕಾರಿನ ಹಿಂದಿನ ಸೀಟಿಗೆ ಮಲಗಿಸಿದ್ದೇ ತಡ, ಮುದುಕಿ ಹೊಲದಿಂದ ತಂದ ಕಂಬಳಿಯೊಂದನ್ನು ಮೇಲೆ ಬಿಗಿಯಾಗಿ ಹೊದಿಸಿದಳು.

ಆಸ್ಪತ್ರೆಯಲ್ಲಿ ಕಂಬಳಿ ಸರಿಸಿದ ಡಾಕ್ಟರು ಕೂಗಿಕೊಂಡರು. "ವಿಷ ಚರ್ಮದಿಂದ ಒಳಗೆ ಹೋಗ್ತಾನೇ ಇದೆ. ಕತ್ತರಿ ತನ್ನಿ!" ನರ್ಸ್ ಸೀರೆ ಕತ್ತರಿಸಿ ತೆಗೆದರು. ಸೋಪು, ನೀರು, ಮತ್ತೆ ಸೋಪು. (ಕರ್ಟನ್? ಆ ವಾರ್ಡಿನಲ್ಲಿ ಅದಿರಲಿಲ್ಲ. ನಾವೆಲ್ಲ ಗೋಡೆ ಕಡೆ ತಿರುಗಿ ನಿಂತೆವು.) ವಿಷ ಇಳಿಸುವ ಅಟ್ರೋಪಿನ್ ಇಂಜೆಕ್ಷನ್ ಒಂದರ ಮೇಲೊಂದು. ಸಾಸಿವೆ ಕಾಳಿನಷ್ಟಾಗಿದ್ದ ಕಣ್ಣಿನ ಪಾಪೆ ನಿಧಾನಕ್ಕೆ ಅರಳಿತು.

ಸಂಜೆಗೆ ಮಾತು ಬಂತು, ಪೂರ್ತಿ ಪ್ರಜ್ಞೆ ಬರಲಿಲ್ಲ. ಚಾದರದ ಮೇಲೆ ಇಲ್ಲದ ಹೂ ಕೀಳತೊಡಗಿದಳು. "ಬಿರ್‍ಬಿರ್‍ನೆ ಕೀಳಿ, ಲಾರಿ ಬಂದದೆ!"

ಮುದುಕಿಗೆ ಅನುಮಾನವೇ ಇಲ್ಲ. "ಗಾಳಿ ಮೆಟ್ಕಂಡದೆ. ಮಂತ್ರ ಹಾಕ್ಸನ, ಕರ್ಕಂಡೋಗನ ನಡೀರಿ."

ಇಂಜೆಕ್ಷನ್ನಿನಿಂದಲೂ ಹೀಗೆ ಬಡಬಡಿಸುತ್ತಾರೆ, ಈಗ ಕರೆದೊಯ್ದರೆ ದಾರಿಯಲ್ಲೇ ಉಸಿರು ನಿಲ್ಲಬಹುದು ಅಂತ ಡಾಕ್ಟರು ಬಿಡಲಿಲ್ಲ. ನನಗೂ ರೇಗಿ ಮುದುಕಿಯನ್ನು ಬೈದೆ. ಅವಳು ಸೊಸೆಯ ಪಾದ ತಿಕ್ಕುತ್ತಾ ಅಳುತ್ತಿದ್ದಳು. ಬೈದು ಏನು ಬಂತು?

ಎರಡು ದಿನ ಬಿಟ್ಟು ಹೋದೆ. ಪ್ರಜ್ಞೆ ಬಂದಿತ್ತು. ಆದರೆ ಕತ್ತು ಎತ್ತಲು ತ್ರಾಣವಿಲ್ಲ, ಉಸಿರು ಎಳೆದೆಳೆದು ಬರುತ್ತಿತ್ತು. ಮೈಸೂರಿಗೆ ಸಾಗಿಸಲು ಆಂಬುಲೆನ್ಸ್ ಕಾಯುತ್ತಿದ್ದರು. ಮಾದೇವಿ ಮೈಮೇಲಿನ ಆಸ್ಪತ್ರೆಯ ನಿಲುವಂಗಿ ಮುಟ್ಟಿ ನೋಡಿಕೊಂಡಳು.

"ಅತ್ತೆ, ನನ್ ಸೀರೆ ಯಾರ್ ಬುಚ್ಚಿದ್ರು?"

"ನಾ ಬ್ಯಾಡ ಅಂತ್ಲೇ ಅಂದೆ ಕಣಮ್ಮಿ. ಈ ಡಾಕ್ಟ್ರು ಕೇಳ್ನಿಲ್ಲ."

ಪಕ್ಕದಲ್ಲೇ ಇದ್ದ ಡಾಕ್ಟರು ತಲೆ ತಗ್ಗಿಸಿದರು.

ಅವರೇಕೆ ತಗ್ಗಿಸಬೇಕು, ಹೇಳಿ?