ಹವಾಲ್ದಾರರ ಸರದಿ

ನಮ್ಮೆಜಮಾನರು ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದು ಎಷ್ಟೋ ವರ್ಷವಾಯಿತು. ಅವರೊಳಗಿನ ಮಿಲಿಟ್ರಿ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಜ್ವರ ಬಂದರೂ ಹಾಸಿಗೆ ಮಡಿಸಿಟ್ಟು, ಗಡ್ಡ ಹೆರೆದುಕೊಂಡೇ ಕೂರುತ್ತಾರೆ. ಹುಷಾರಿಲ್ಲ ಅಂದವನು ಮೈಗಳ್ಳ ಅಂತಲೇ ಅಲ್ಲಿ ಲೆಕ್ಕವಂತೆ. ಹಾಗಾಗಿ ಒಂದು ದಿನ ಹೊಲದಿಂದ ಬಂದು ಎದೆ ನೀವಿಕೊಳ್ಳುತ್ತಾ ಜಗುಲಿಯ ಮೇಲೆ ಕುಸಿದು ಕೂತಾಗಲೂ ನನಗೆ ಸಿಕ್ಕ ಉತ್ತರ ಒಂದೇ: "ಗ್ಯಾಸು ಕಣೇ, ಹೋಯ್ತದೆ ಬುಡು."

ಮೊದಲಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮಾಜಿ ಸೈನಿಕರಿಗೆಂದು ವಾರಕ್ಕೊಮ್ಮೆ ಪಾವಗಡಕ್ಕೆ ಆಸ್ಪತ್ರೆ ವ್ಯಾನು ಬರುತ್ತಿತ್ತು. ಡಾಕ್ಟರು, ನರ್ಸಮ್ಮ, ನಮ್ಮವರ ಬಿ.ಪಿ. ಮಾತ್ರೆ, ನನ್ನ ಮಂಡಿನೋವಿನ ಮಾತ್ರೆ ಎಲ್ಲ ಅದರಲ್ಲೇ ಬರುತ್ತಿದ್ದವು. ಆಮೇಲೆ ಬರೆದ ಮಾತ್ರೆಯಲ್ಲಿ ಅರ್ಧ ಸಿಗತೊಡಗಿತು. ಆಮೇಲೆ ನರ್ಸಮ್ಮ ಬರುವುದು ನಿಂತಿತು. ಕೊನೆಗೆ ವ್ಯಾನೇ ಇಲ್ಲ. ನಾವೋ, ಯಾರೂ ಹೇಳದ ಮೇಲೆ ನಮಗೇನು ಗೊತ್ತು, ವಾರವಾರವೂ ಹೋಗಿ ಅದೇ ಬೇವಿನ ಮರದಡಿ ನಿಲ್ಲುತ್ತಿದ್ದೆವು. "ಏಮಕ್ಕಾ, ಈ ವಾರಾನೂ ಬಂಡಿ ರಾಲೇದಾ?" ಅಂತ ಸೋಡಾ ಅಂಗಡಿಯಾಕೆ, ಗಾಡಿ ಬರಲಿಲ್ಲವಾ ಎಂದು ತನ್ನ ತೆಲುಗಿನಲ್ಲಿ ಕೇಳಿದಾಗ ನನಗೆ ಅಳುವೇ ಬಂದಿತ್ತು. ಮಾಜಿ ಸೈನಿಕರ ಕಾರ್ಡು ತೋರಿಸಿದರೆ ಸೇರಿಸಿಕೊಳ್ಳುತ್ತಿದ್ದ ಒಂದು ಖಾಸಗಿ ಆಸ್ಪತ್ರೆಯವರೂ "ಈ ಕಾರ್ಡು ಈಗ ನಡೆಯಲ್ಲಮ್ಮ" ಅಂದುಬಿಟ್ಟರು.

ಉಳಿದದ್ದು ಮಧುಗಿರಿಯಲ್ಲಿ ಮಾಜಿ ಸೈನಿಕರಿಗೆಂದೇ ಇರುವ ಕ್ಲಿನಿಕ್ಕು. ಅಲ್ಲೂ ಡಾಕ್ಟರು ಬರುವುದು ಮಂಗಳವಾರ ಮಾತ್ರ, ಅದೂ ಮಧ್ಯಾಹ್ನದ ತನಕ. ಅವರು ನೋಡಿ, ಬರೆದುಕೊಟ್ಟರೆ ಮಾತ್ರ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎದೆ ಪರೀಕ್ಷೆ. ಗ್ಯಾಸೋ ಇನ್ನೊಂದೋ, ನನಗೆ ಅದು ಗೊತ್ತಾಗಲೇಬೇಕಿತ್ತು. ಹಟ ಹಿಡಿದು ಬಸ್ಸು ಹತ್ತಿಸಿದೆ.

ಹೋಗಿ ನೋಡಿದರೆ ಅಲ್ಲಿ ಅರ್ಧ ಜಿಲ್ಲೆಯ ಪಿಂಚಣಿದಾರರು ಕೂತಿದ್ದಾರೆ. ಕೊರಟಗೆರೆಯವರು, ಶಿರಾದವರು, ಕೊಳಾಲದ ಕಡೆಯವರು. ನಮ್ಮ ಸರದಿ ಬಂತು. ಅಷ್ಟರಲ್ಲಿ ಒಬ್ಬರು ಸುಬೇದಾರರು ಒಳಗೆ ಬಂದರು. ನಮ್ಮವರು ಸಟ್ಟನೆ ಎದ್ದು, "ಮೊದಲು ನೀವು ಸಾಬ್" ಅಂದರು. ಅವರ ಹಿಂದೆ ಒಬ್ಬ ಕ್ಯಾಪ್ಟನ್ನರ ಹೆಂಡತಿ. ಅವರಿಗೂ ದಾರಿ. ತಮಗಿಂತ ಮೇಲಿನವರು ನಿಂತಿರುವಾಗ ತಾವು ಮುಂದೆ ಹೋಗುವುದು ಇವರಿಗೆ ಜನ್ಮದಲ್ಲಿ ಸಾಧ್ಯವಿಲ್ಲ. ಹೀಗೆ ಇವರು ದಾರಿ ಬಿಡುತ್ತಾ ಬಿಡುತ್ತಾ ಮಧ್ಯಾಹ್ನವಾಗಿ, ಡಾಕ್ಟರು ಗಡಿಯಾರ ನೋಡಿ ಎದ್ದೇಬಿಟ್ಟರು. ವಾಪಸು ಬರುವಾಗ ಮಿಡಿಗೇಶಿ ದಾಟುವ ತನಕ ಬೈದೆ. "ನಿಮ್ಮೆದೆಗೂ ಒಂದು ಸಲ್ಯೂಟ್ ಹೊಡ್ದು ಕಾಯೋಕೆ ಹೇಳಿ!" ಅಂದೆ. ಮುಂದಿನ ಸೀಟಿನವರು ನಕ್ಕರು.

ಮುಂದಿನ ಮಂಗಳವಾರ ಮತ್ತೆ ಹೋದೆವು. ಸರದಿ ಹತ್ತಿರ ಬರುವಾಗ ಶಿರಾದ ಒಬ್ಬ ಮುದುಕರು ಕೋಲೂರಿಕೊಂಡು ಬಂದರು. ಬೆಳ್ಳನೆ ಗಡ್ಡ. ಸುಬೇದಾರ್ ಮೇಜರ್ ಆಗಿದ್ದವರಂತೆ. ನಮ್ಮವರು ಎದ್ದು ನಿಂತಿದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು, ನೇರ ಆ ಮುದುಕರ ಮುಂದೆ ಹೋಗಿ ನಿಂತೆ.

"ಸಾಹೇಬ್ರೇ, ನೀವು ದೊಡ್ಡೋರು. ನಮ್ಮನೆಯವ್ರಿಗೆ ಒಂದು ಆರ್ಡರ್ ಕೊಟ್ಬುಡಿ. ನನ್ನ ಮಾತು ಕೇಳಾಕಿಲ್ಲ, ಆರ್ಡರಾದ್ರೆ ಕೇಳ್ತಾರೆ. ಎದೆನೋವು ಇಟ್ಕೊಂಡು ಎಲ್ರಿಗೂ ದಾರಿ ಬುಡ್ತಾ ಕುಂತವ್ರೆ."

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಇವರನ್ನು. "ಫಿಕರ್ ಮಾಡ್ಬ್ಯಾಡ ಬೇಟಿ" ಅಂದವರೇ, ಆ ವಯಸ್ಸಿನಲ್ಲಿ ಆ ಗಂಟಲು ಎಲ್ಲಿತ್ತೋ, "ಹವಾಲ್ದಾರ್! ಆಗೇ ಬಢೋ!" ಎಂದು ಗುಡುಗಿದರು. ನಮ್ಮವರು ಸೆಟೆದು ನಿಂತು ಒಳಗೆ ನಡೆದೇಬಿಟ್ಟರು. ಮುದುಕರೂ ಹಿಂದೆಯೇ ಬಂದರು, ನಾನೂ ಹೋದೆ.

"ಹೇಗಿದ್ದೀರಿ?" ಅಂದರು ಡಾಕ್ಟರು. ಅವರೂ ಸೇನೆಯಲ್ಲಿದ್ದವರೇ.

"ಫಿಟ್, ಸರ್!"

ಅಯ್ಯೋ ಶಿವನೇ! ನಾನು ಹಣೆ ಹಣೆ ಚಚ್ಚಿಕೊಂಡೆ. ಮುದುಕರು ಕೋಲಿನಿಂದ ನೆಲ ಕುಟ್ಟಿದರು. "ಝೂಟ್ ಮತ್ ಬೋಲೋ. ಪೂರಾ ರಿಪೋರ್ಟ್ ದೋ." ಸುಳ್ಳು ಹೇಳಬೇಡ, ಎಲ್ಲ ಹೇಳು ಅಂತ. ಇಷ್ಟು ಹಿಂದಿ ನನಗೂ ಬರುತ್ತದೆ, ಇವರು ಸಿಟ್ಟು ಬಂದಾಗ ಬೈಯುವುದೇ ಹಿಂದಿಯಲ್ಲಿ.

ಇವರು ಗೋಡೆ ನೋಡುತ್ತಾ ಒಪ್ಪಿಸತೊಡಗಿದರು. ನಡೆದರೆ ಎದೆ ಹಿಂಡುತ್ತದೆ. ಎಡತೋಳಿಗೆ ಇಳಿಯುತ್ತದೆ. ಹೊಲಕ್ಕೆ ಹೋಗುವಾಗ ಹೊಂಗೆಮರದಡಿ ಕೂತು ಸುಧಾರಿಸಿಕೊಳ್ಳಬೇಕು. ನಾನು ನೋಡಿದ್ದು ಒಂದು ದಿನದ ನೋವು, ಇವರದು ಪ್ರತಿದಿನದ್ದು.

"ಯಾವಾಗಿನಿಂದ?"

"ವ್ಯಾನು ನಿಂತ ಮೇಲೆ ಶುರುವಾಯ್ತು ಸರ್."

"ಮನೇಲಿ ಯಾಕೆ ಹೇಳಲಿಲ್ಲ?"

"ಅವಳಿಗೆ ಮಂಡಿನೋವು ಸರ್. ಮಾತ್ರೆನೂ ಸಿಗ್ತಿಲ್ಲ. ಬಸ್ ಹತ್ತೋವಾಗ ಕಣ್ಣಲ್ಲಿ ನೀರು ಬಂದುಬುಡ್ತದೆ. ನಾನು ಹೇಳಿದ್ರೆ ಆಸ್ಪತ್ರೆಗೆ ಅಂತ ನನ್ನ ಹಿಂದೇನೇ ಹೊರಡ್ತಾಳೆ."

ಈ ಮನುಷ್ಯನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೂ ಪ್ರೀತಿಯಾಗಿ ಉಕ್ಕಿತು.

ಡಾಕ್ಟರು ಎದೆಗೆ ತಂತಿ ಹಚ್ಚಿ ನೋಡಿದರು. ಮುಖ ಗಂಭೀರವಾಯಿತು. "ಈಗಲೇ ಬೆಂಗಳೂರಿಗೆ ಹೋಗಬೇಕು. ಊರಿಗೆ ಹೋಗಿ ಬರೋದೆಲ್ಲ ಬೇಡ. ಆಂಬುಲೆನ್ಸ್ ಕರೆಸ್ತೀನಿ" ಅಂದರು.

ಸೇನೆಯಲ್ಲಿದ್ದಾಗ, ರಜೆ ಮುಗಿಸಿ ಗಡಿಗೆ ಹೊರಡುವಾಗ ಇವರು ಟ್ರಂಕು ಹೆಗಲಿಗೇರಿಸಿ, "ಹೊರಟೆ ಕಣೇ" ಅಂದು ಹಿಂತಿರುಗಿ ನೋಡದೆ ನಡೆಯುತ್ತಿದ್ದರು. ಜೊತೆಗೆ ಬಾ ಎಂದು ಕರೆಯುವಂಥ ಊರಿಗೆ ಅವರನ್ನು ಒಮ್ಮೆಯೂ ಹಾಕಲಿಲ್ಲ. ನಾನು ಹೊಸಿಲಲ್ಲೇ ನಿಂತಿರುತ್ತಿದ್ದೆ. ಈ ಸಲ ಆಂಬುಲೆನ್ಸಿನ ಬಾಗಿಲು ತೆರೆದಾಗ ಹತ್ತದೆ ನಿಂತುಬಿಟ್ಟರು. ನನ್ನ ಕಡೆ ತಿರುಗಿದರು.

"ನೀನೂ ಬತ್ತೀಯೇನೇ?"

"ಬರ್ದೆ ಇನ್ನೇನು, ನಡೀರಿ" ಅಂದೆ.

ಮೊದಲು ತಾವು ಹತ್ತಿ, ನನ್ನ ಮಂಡಿಗೆ ನೋವಾಗದ ಹಾಗೆ ಕೈ ಚಾಚಿದರು. ಅಷ್ಟು ಜನರ ಎದುರಿಗೇ ಆ ಕೈ ಹಿಡಿದುಕೊಂಡೆ.