ಮೆಷಿನ್ ನಿಂತಾಗ ಕೇಳಿಸುತ್ತಿದ್ದ ಸದ್ದು

ಸಲೀಂ, ನಿನ್ನ ಕೈ ಯಾವತ್ತೂ ನಿಧಾನವಾಗಿರಲಿಲ್ಲ. ಅದು ನಾನು ಹೇಳಿದ ಸುಳ್ಳು — ಬೇಕೆಂದೇ ಹೇಳಿದ್ದು, ಇಷ್ಟು ವರ್ಷ ಹಾಗೇ ಬಿಟ್ಟದ್ದು.

ತುರುವೇಕೆರೆಯಲ್ಲಿ ನಿಮ್ಮಪ್ಪನ ಟೈಲರ್ ಅಂಗಡಿ, ಅದರ ಹಿಂದಿನ ಕೋಣೆ. ಕಾಲೇಜು ಮುಗಿಸಿ ಬಂದು ಟೀವಿಯ ಮುಂದೆ ಕೂತರೆ ನಮಗೆ ಲೋಕವೇ ಬೇಡ. ತೆಂಗಿನ ಗರಿಗಳ ನೆರಳು ಗೋಡೆಯ ಮೇಲೆ ತೂಗುತ್ತಿತ್ತು, ಪರದೆಯ ಮೇಲೆ ವಿಡಿಯೋ ಗೇಮಿನ ನಮ್ಮ ಜಟ್ಟಿಗಳು ಕಾದಾಡುತ್ತಿದ್ದರು. ಅದು ಬರೀ ಗುಂಡಿ ಒತ್ತುವ ಆಟವಲ್ಲ ಎಂದು ಕಲಿಸಿದವನು ನೀನು. ಹೊಡೆತವನ್ನು ತಡೆಯಬಹುದು, ತಡೆದು ನಿಂತವನನ್ನು ಎತ್ತಿ ಎಸೆಯಬಹುದು, ಎಸೆಯಲು ಬಂದವನಿಗೆ ಮೊದಲೇ ಹೊಡೆಯಬಹುದು — ಎದುರಿನವರಿಗೆ ಈಗ ಯಾವುದರ ಆಸೆ ಹುಟ್ಟಿದೆಯೋ ಅದನ್ನು ತಿಳಿಯಬೇಕು, ಅಷ್ಟೇ ಎನ್ನುತ್ತಿದ್ದೆ ನೀನು. ಆ ಆಟದಲ್ಲೇ ಮುಂದೆ ಹೋಗಬೇಕೆಂಬುದು ನಿನ್ನ ಕನಸು.

ನಾನೂ ತಿಳಿದುಕೊಂಡೆ, ಕಿವಿಯಿಂದ. ಮನೆಯ ಅಟ್ಟದಲ್ಲಿ ಕಾಯಿ ಅಲ್ಲಾಡಿಸಿ, ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಾ ಬೆಳೆದವಳಲ್ಲವೇ. ಒಳಗೆ ನೀರು ಅಲುಗುವ ಸದ್ದು ಬೇರೆ, ಚಿಪ್ಪು ಬಿಟ್ಟ ಒಣ ಕೊಬ್ಬರಿ ಗಿಟುಕಿನ ಸದ್ದು ಬೇರೆ. ಹಾಗೇ ಒಂದು ದಿನ ಕೇಳಿಸಿತು — ಎತ್ತಿ ಎಸೆಯುವ ಮುಂಚೆ ನಿನ್ನ ಹೆಬ್ಬೆರಳು ಕಂಟ್ರೋಲರಿನ ಕಡ್ಡಿಯನ್ನು ಸುಮ್ಮನೆ ಒಮ್ಮೆ ಹಿಂದಕ್ಕೆ ತಟ್ಟುತ್ತಿತ್ತು. ನಿನಗೇ ಗೊತ್ತಿಲ್ಲದ ಸಣ್ಣ ಟಿಕ್. ನಿಮ್ಮಪ್ಪನ ಹೊಲಿಗೆ ಮೆಷಿನ್ ಓಡುತ್ತಿದ್ದರೆ ಅದು ಕೇಳಿಸದು, ನಾನು ಸೋಲುತ್ತಿದ್ದೆ. ಅವರು ನಮಾಜಿಗೆ ಎದ್ದು ಹೋದರೆ — ಟಿಕ್ ಕೇಳಿಸಿದೊಡನೆ ಮೊದಲೇ ಹೊಡೆದು ಗೆಲ್ಲುತ್ತಿದ್ದೆ.

ತಿಪಟೂರಿನ ಪಂದ್ಯಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದೆವು. ಹಿಂದಿನ ದಿನ ನೀನು ಕಂಟ್ರೋಲರ್ ಕೆಳಗಿಟ್ಟು ಕೇಳಿದೆ: "ಎಲ್ಲಿ ಎಡವ್ತಾ ಇದೀನಿ, ನೀನಾದ್ರೂ ಹೇಳೇ."

ಹೆಬ್ಬೆರಳು ಎಂಬ ಒಂದು ಮಾತು ಸಾಕಿತ್ತು. ಆದರೆ ನನಗೆ ಗೆಲ್ಲಬೇಕಿತ್ತು, ನಿನ್ನ ಮೇಲೆ ಹೊಟ್ಟೆಕಿಚ್ಚೂ ಇತ್ತು.

"ನಿನ್ ಕೈ ನಿಧಾನ ಕಣ್ಲಾ," ಅಂದೆ. "ಅದಕ್ಕೇನೂ ಮಾಡಕ್ಕಾಗಲ್ಲ, ಬುಡು."

ನೀನು ಪಂದ್ಯಕ್ಕೆ ಬರಲಿಲ್ಲ. ಕಪ್ ನನ್ನ ಕೈಗೆ ಬಂತು. ನೀನು ಕಂಟ್ರೋಲರನ್ನು ಯಾರಿಗೋ ಕೊಟ್ಟುಬಿಟ್ಟೆ ಎಂದು ಆಮೇಲೆ ಗೊತ್ತಾಯಿತು — ಆಗಲಾದರೂ ಓಡಿ ಬರಬೇಕಿತ್ತು ನಾನು, ಬರಲಿಲ್ಲ.

ಮೊನ್ನೆ ರವಿಕೆ ಹೊಲಿಸಲು ಬಂದೆನಲ್ಲ. ನಿಮ್ಮಪ್ಪನ ಜಾಗದಲ್ಲಿ ನೀನಿದ್ದೆ. ಬಟ್ಟೆ ನಿನ್ನ ಬೆರಳ ಕೆಳಗೆ ಸರಿದು ಹೋಗುತ್ತಿದ್ದ ವೇಗಕ್ಕೆ ನನ್ನ ಕಣ್ಣು ಕಟ್ಟಿದಂತಾಯಿತು. ಈಗಲೂ ಆಡುತ್ತೀಯಾ ಎಂದು ಕೇಳಿದೆ, ನಾಚಿಕೆಯಿಲ್ಲದೆ. ನೀನು ನಕ್ಕೆ.

"ನನ್ ಕೈ ನಿಧಾನ ಅಲ್ವೇನೇ. ನೀನೇ ಹೇಳಿದ್ದು."

ಚುಚ್ಚಿ ಹೇಳಿದ ಮಾತಲ್ಲ ಅದು. ನಂಬಿಕೊಂಡೇ ಹೇಳಿದ್ದು. ನಾನು ಬಾಯಿ ತೆರೆದೆ — ಅಷ್ಟರಲ್ಲಿ ಮೆಷಿನ್ ಮತ್ತೆ ಓಡಿತು. ಅದರ ಸದ್ದಿನ ಮರೆ ಹಿಡಿದು ಅಂಗಡಿಯಿಂದ ಹೊರಬಿದ್ದೆ.

ರವಿಕೆಗೆ ಶುಕ್ರವಾರ ಬಾ ಎಂದಿದ್ದೀಯ. ಬರುತ್ತೇನೆ. ಮೆಷಿನ್ ನಿಲ್ಲಿಸಲು ಹೇಳಿ, ನಿನ್ನ ಹೆಬ್ಬೆರಳನ್ನು ಮುಟ್ಟಿ ತೋರಿಸುತ್ತೇನೆ.