ವನ್ಸ್‌ಮೋರ್ ಒಲ್ಲದ ಮದುಮಗ

ಗೋಕಾಕಿನ ನಾಟಕ ಕಂಪನಿಯ ಆ ಹಾಸ್ಯನಟ, ಮುದುಕ ಮದುಮಗನ ವೇಷದಲ್ಲಿ ರಂಗಕ್ಕೆ ಬಂದರೆ, ಮೊದಲು ಬಣ್ಣದ ಮೀಸೆ ತಿರುವುವನು, ಆಮೇಲೆ ಸೊಂಟ ಹಿಡಿದುಕೊಳ್ಳುವನು. ಯಾರು ವನ್ಸ್‌ಮೋರ್ ಕೂಗಿದರೂ “ಹುಕುಂ ಆತ್ರಿ” ಎಂದು ಅದೇ ಮಾತನ್ನು ಮತ್ತೆ ಆಡುವುದು ಅವನ ವ್ರತ.

ಮೂಡಲಗಿಯ ಆಟದಲ್ಲಿ ಊರ ವೃದ್ಧ ಸಾವಕಾರರು ಮುಂದಿನ ಕುರ್ಚಿಯನ್ನು ಅಲಂಕರಿಸಿದ್ದರು. ಆಗಷ್ಟೇ ಕಟ್ಟಿಕೊಂಡ ಎಳೆಯ ಮೂರನೆಯ ಹೆಂಡತಿ ಹೆಂಗಸರ ಕಡೆ ಕೂತಿದ್ದಳು.

“ಹುಡುಗಿ ಪುಣ್ಯವಂತಿ! ಒಂದ ತಾಳಿಗೆ ಗಂಡನೂ ಸಿಕ್ಕ, ಅಜ್ಜನೂ ಸಿಕ್ಕ!” ಎಂದ ನಟ.

ಎಲ್ಲರಿಗಿಂತ ಜೋರಾಗಿ ನಕ್ಕವರು ಸಾವಕಾರರೇ. “ಭಲೇ ಮಗನ! ವನ್ಸ್‌ಮೋರ್!”

ಬಾಯಿ ತೆರೆದ ನಟ ಹೆಂಗಸರ ಕಡೆ ನೋಡಿದ. ಆ ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ಅವನು ಕೈಮುಗಿದ.

“ಬ್ಯಾಡ್ರಿ ಸಾವಕಾರ್ರ. ಹುಡುಗಿ ಒಮ್ಮೆ ಕೇಳ್ಯಾಳ, ಸಾಕು.”

ಅದೂ ನಾಟಕದ ಮಾತೆಂದು ತಿಳಿದು ಸಾವಕಾರರು ಮತ್ತಷ್ಟು ನಕ್ಕರು. ಹಿಂದೆ ಕೂತಿದ್ದ ನಾವು, ಅಲ್ಲವೆಂದು ತಿಳಿದೂ, ನಕ್ಕೆವು.